ಅಡಿವೆಪ್ಪನ ಮುನ್ನೂರು ಸುಳ್ಳುಮಂದಿ

ಅಡಿವೆಪ್ಪ ಅಂತ ಒಬ್ಬ ಪೆದ್ದ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವ. ಅವನವ್ವ ಗುರುಬಸವ್ವ ನಮ್ಮೂರ ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ಟಿಕೆಟ್ ಕೊಟ್ಟವಳು. ತಗಡಿನ ಕಿಂಡಿಯೊಳಗೆ ಕೂತು ಹಾಡೆಲ್ಲ ಕೇಳಿಯೇ ಕಲಿತಳು, ಪರದೆ ಏಳುವುದನ್ನು ಮಾತ್ರ ಒಮ್ಮೆಯೂ ಎದುರು ಕೂತು ನೋಡಲಿಲ್ಲ. ಎಂಥಾ ದಿನ ಅವು! ಮೂರನೇ ಗಂಟೆ ಹೊಡೆದು ಪರದೆ ಏಳುವಾಗ ನಮ್ಮ ಎದೆ ಡವಡವ ಅನ್ನುತ್ತಿತ್ತು.

ಕಂಪನಿ ಮುಚ್ಚಿತು. ಎಷ್ಟೋ ವರ್ಷದ ಮೇಲೆ, ಕಡೇದಾಗಿ ಒಂದೇ ಆಟ ಆಡೋಣ ಅಂದರು. ಮುನ್ನೂರು ಕುರ್ಚಿ, ಟಿಕೆಟ್ಟೆಲ್ಲ ಮೊಬೈಲಿನಲ್ಲಿ! ಜನ ನುಗ್ಗಿದರೆ ವೆಬ್‌ಸೈಟು ತಾಳೀತೇ? ಕಂಪ್ಯೂಟರಿನಿಂದ ಸುಳ್ಳುಮಂದಿಯನ್ನು ನುಗ್ಗಿಸಿ ಮೊದಲೇ ನೋಡಬೇಕು. ಊರಲ್ಲಿ ಕಂಪ್ಯೂಟರು ಬಲ್ಲವ ಅವನೊಬ್ಬನೇ, ಆ ಲೋಡ್ ಟೆಸ್ಟು ಅಡಿವೆಪ್ಪನ ಪಾಲಿಗೆ ಬಂತು.

"ಯಪ್ಪಾ, ಈ ಸಲನಾದ್ರೂ ನಾ ಎದುರಿಗೆ ಕೂತು ನೋಡಬೇಕೋ. ಕೆಡಸಬ್ಯಾಡ! ಮುನ್ನೂರು ಸಲ ಟಿಕೆಟ್ ತಗೊಂಡು ನೋಡು," ಅಂದಳು ಅವ್ವ.

ಅಡಿವೆಪ್ಪ ಒಬ್ಬನೇ ಸುಳ್ಳುಮನುಷ್ಯನನ್ನು ಮಾಡಿದ. ಅವ ಬಂದ, ಕುರ್ಚಿ ಆರಿಸಿದ, ಟಿಕೆಟ್ ತಗೊಂಡ, ಹೋದ. ಮತ್ತೆ ಅವನೇ ಬಂದ. ಮುನ್ನೂರು ಸಲವೂ ಅವನೇ!

"ಏ ಹುಚ್ಚಪ್ಪಾ! ಒಬ್ಬೊಬ್ಬರಿಗೂ ಒಂದೊಂದು ಸಲ ಮಾಡಬೇಕೋ!"

ಆಗಲಿ ಅಂದ. ಮುನ್ನೂರು ಮಂದಿಯನ್ನು ಮಾಡಿದ. ಒಬ್ಬ ಹೋದಮೇಲೆ ಒಬ್ಬ, ಸಾವಕಾಶ, ಶಿಸ್ತಾಗಿ.

"ನಾಟಕಕ್ಕ ಜನ ಹಿಂಗ ಬರ್ತಾರೇನಲೇ? ಎಲ್ಲಾರೂ ಕೂಡೂ ತನಕಾ ತಡಿ, ಆಮ್ಯಾಲೆ ಬಿಡು!"

ಆಗಲಿ ಅಂದ. ಎಲ್ಲರನ್ನೂ ಕೂಡಿಸಿ ಒಮ್ಮೆಗೇ ಬಿಟ್ಟ. ವೆಬ್‌ಸೈಟು ಕಕ್ಕಾಬಿಕ್ಕಿ! ಟಿಕೆಟ್ ಸಿಗದ ಸುಳ್ಳುಮಂದಿ ಸುಮ್ಮನೆ ವಾಪಸು ಹೋದರು.

"ನಮ್ಮ ಮಂದಿ ಅಷ್ಟಕ್ಕs ಹೋಗ್ತಾರೇನೋ? ಸಿಗೂ ತನಕಾ ಕೇಳಕೋತ ಇರಬೇಕು!"

ಆಗಲಿ ಅಂದ. ಸುಳ್ಳುಮಂದಿ ಕೇಳಿದರು, ಕೇಳಿದರು, ಕೇಳುತ್ತಲೇ ಇದ್ದರು. ನಿಲ್ಲಿಸು ಅಂತ ಅವ್ವ ಹೇಳಿರಲಿಲ್ಲವಲ್ಲ! ಮರುದಿನ ನಿಜವಾದ ಮಾರಾಟ ಶುರುವಾಯಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೌಸ್‌ಫುಲ್!

ಆಟದ ದಿನ ಒಳಗೆ ಒಂದು ನರಪಿಳ್ಳೆಯಿಲ್ಲ. ಹೊರಗೆ ಟಿಕೆಟ್ ಸಿಗದ ಊರ ಮಂದಿ, ಅವರ ಮುಂದೆ ತಾನೂ ಟಿಕೆಟ್ ಸಿಗದೆ ಹಳೇ ಕಿಂಡಿಯಲ್ಲೇ ಕೂತ ಗುರುಬಸವ್ವ. ಪಟ್ಟಿ ತರಿಸಿ ನೋಡಿದರೆ ಸುಳ್ಳಪ್ಪ ಒಂದು, ಸುಳ್ಳಪ್ಪ ಎರಡು, ಸುಳ್ಳಪ್ಪ ಮೂರು!

"ಅಯ್ಯೋ ನನ್ನ ಕರ್ಮ! ಅವರ ಜಾಗಾದಾಗ ಇವರನ್ನ ಕೂಡಸೋ!"

ಅಡಿವೆಪ್ಪ ಹೆಸರು ಕೂಗಿದ, ನಾವು "ಹೂಂ" ಅಂತ ಒಳಗೆ ಹೋದೆವು. ನಾನು ಸುಳ್ಳಪ್ಪ ಏಳು. ಹಾರ್ಮೋನಿಯಂ ಕೇಳಿದ್ದೇ ತಡ, ನನ್ನ ಕಣ್ಣು ತುಂಬಿತು. ಮೂರನೇ ಗಂಟೆಯೂ ಹೊಡೆಯಿತು. ಪರದೆ ಏಳಲಿಲ್ಲ.

ಪರದೆಯ ಹಗ್ಗ ಹಿಡಿದವ ಅಡಿವೆಪ್ಪ. "ಸುಳ್ಳಪ್ಪ ಮುನ್ನೂರು ಬಂದಿಲ್ಲ, ಇನ್ನೊಬ್ಬರು ಬರಬೇಕು. ಎಲ್ಲಾರೂ ಕೂಡೂ ತನಕಾ ತಡಿ ಅಂದಾಳ ನಮ್ಮವ್ವ!"

ಎಲ್ಲರೂ ಕಿಂಡಿಯತ್ತ ತಿರುಗಿದೆವು. "ಗುರುಬಸವ್ವಾ, ನೀನs ಬಾರವಾ!"

ಬಂದಳು. ಮೊದಲನೇ ಸಾಲಿನಲ್ಲಿ, ಸೆರಗು ಹೊದ್ದು, ಹೊಸ ಮದುಮಗಳ ಹಾಗೆ ಕೂತಳು. ಪರದೆ ಎದ್ದಿತು. ಮೂವತ್ತು ವರ್ಷದ ಆಸೆ! ಮುದುಕಿ ಗಳಗಳ ಅತ್ತಳು.

ಪರದೆ ಬಿತ್ತು. ಮತ್ತೆ ಎದ್ದಿತು. ಮತ್ತೆ ಬಿತ್ತು.

"ಏನಲೇ ಇದು!"

"ಒಬ್ಬೊಬ್ಬರಿಗೂ ಒಂದೊಂದು ಸಲ ಅಂದಿದ್ಯಲ್ಲವಾ! ಸುಮ್ಮನs ಕೂಡು ಯವ್ವಾ, ನಿಂದು ಮುನ್ನೂರನೇದು!"