ಕತ್ತರಿಸದೆ ಬಿಟ್ಟ ಹೂವು

ವೈಜಯಂತಮ್ಮನಿಗೆ ಅರೆತಲೆನೋವು. ಅದಕ್ಕೆ ಒಳ್ಳೆಯದೆಂದು ಊಟಿಯ ನರ್ಸರಿಯವನೊಬ್ಬ ಫೀವರ್‌ಫ್ಯೂ ಎಂಬ ಗಿಡ ಕೊಟ್ಟ. ಸೇವಂತಿಗೆಯಂಥ ಎಲೆ, ಹಳದಿ ಕಣ್ಣಿನ ಪುಟ್ಟ ಬಿಳಿ ಹೂವು. ಹೂವು ಬಾಡುವ ಮೊದಲೇ ಕತ್ತರಿಸಿಬಿಡಿ, ಬೀಜ ಉದುರಿದರೆ ಹಿತ್ತಲೆಲ್ಲ ಅದೇ ಆಗುತ್ತದೆ ಎಂದೂ ಹೇಳಿ ಕಳಿಸಿದ.

ಮಡಿಕೇರಿಯ ತಂಪಿಗೆ ಗಿಡ ಮೈತುಂಬ ಹೂ ಬಿಟ್ಟಿತು. ಬೇರೆ ಹೂವಾಗಿದ್ದರೆ ಬೆಳಗಾಗುತ್ತಲೇ ದೇವರ ಮುಡಿಗೇರುತ್ತಿತ್ತು. ಇದರದು ಘಾಟು ವಾಸನೆ, ಪೂಜೆಗೆ ಬೇಡವೆಂದು ವೈಜಯಂತಮ್ಮ ಮುಟ್ಟಲಿಲ್ಲ. ಸುಮ್ಮನೆ ಕತ್ತರಿಸಿ ಎಸೆಯಲು ಮನಸ್ಸೂ ಬರಲಿಲ್ಲ. ಹೂವು ಗಿಡದಲ್ಲೇ ಒಣಗಿತು.

ಮಳೆ ಬಿದ್ದದ್ದೇ ತಡ, ಕಲ್ಲಿನ ಸಂದಿಯಲ್ಲಿ, ತುಳಸಿಯ ಬುಡದಲ್ಲಿ, ಕೊತ್ತಂಬರಿ ಮಡಿಯಲ್ಲಿ, ಎಲ್ಲಿ ನೋಡಿದರೂ ಅದರ ಸಸಿ, ಎಳೆಯದರಲ್ಲಿ ಥೇಟ್ ಕೊತ್ತಂಬರಿಯಂತೆ. ಸೊಸೆ ಮೇದಿನಿ ಆಗ ಬಸುರಿ. ಆ ಎಲೆ ಬಸುರಿಯರ ಹೊಟ್ಟೆಗೆ ಹೋಗಕೂಡದೆಂದು ಡಾಕ್ಟರಮ್ಮ ಎಚ್ಚರಿಸಿದ್ದರು. ವೈಜಯಂತಮ್ಮ ದೊಡ್ಡ ಗಿಡವನ್ನು ಸೊಸೆಗೆ ತೋರಿಸಿ, ಇದರ ಎಲೆ ಬಾಯಿಗಿಡಬೇಡ ಎಂದಳು. ಸಸಿಗಳನ್ನು ನಾಳೆ ಕಿತ್ತರಾಯಿತು ಎಂದುಕೊಂಡಳು. ನಾಳೆ ಮಳೆ ಬಂತು, ನಾಡಿದ್ದು ನೆಂಟರು ಬಂದರು.

ಒಂದು ಮಧ್ಯಾಹ್ನ ಅವಳು ಪೇಟೆಯಿಂದ ಬಂದಾಗ ಮೇದಿನಿ ಊಟಕ್ಕೆ ಕೂತಿದ್ದಳು. ತಟ್ಟೆಯಲ್ಲಿ ಹಸಿರು ಚಟ್ನಿ.

“ಕೊತ್ತಂಬರಿ ಎಲ್ಲಿಯದು?”

“ನಮ್ಮ ಮಡಿಯದೇ ಅತ್ತೆ. ಅದೇನು ಗೊಬ್ಬರ ಹಾಕಿದ್ದೀರೋ, ಬರೀ ಕಹಿ.”

ವೈಜಯಂತಮ್ಮನಿಗೆ ಮಡಿಯಲ್ಲಿದ್ದ ಆ ಸಸಿಗಳು ನೆನಪಾದವು. ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. “ಎಷ್ಟು ತಿಂದೆ?”

“ಒಂದೇ ತುತ್ತು. ಯಾಕೆ ಅತ್ತೆ?”

ಆಟೋದಲ್ಲಿ ಅವಳು ಸೊಸೆಯ ಕೈ ಬಿಡಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಒಂದು ತುತ್ತಿಗೆ ಹೆದರಬೇಕಿಲ್ಲ, ಆದರೂ ಹೊಟ್ಟೆನೋವು ಬಂದರೆ ಕೂಡಲೇ ಬನ್ನಿ ಎಂದರು ಡಾಕ್ಟರಮ್ಮ. ಆ ‘ಆದರೂ’ ವೈಜಯಂತಮ್ಮನ ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಮನೆಗೆ ಬಂದವಳೇ ಸೆರಗು ಸಿಕ್ಕಿಸಿ ಹಿತ್ತಲಿಗಿಳಿದಳು. ಯಾವುದು ಕೊತ್ತಂಬರಿ, ಯಾವುದು ಅದು ಎಂದು ಆರಿಸುತ್ತ ಕೂರಲಿಲ್ಲ, ಇಡೀ ಮಡಿಯನ್ನೇ ಅಗೆದು ಹಾಕಿದಳು. ತಾಯಿಗಿಡವನ್ನೂ ಉಳಿಸಲಿಲ್ಲ. ಆದರೆ ಮಣ್ಣಿನೊಳಗಿನ ಬೀಜ ಅವಳ ಮಾತು ಕೇಳುತ್ತದೆಯೇ? ಪ್ರತಿ ಮಳೆಗೂ ಹೊಸ ಮೊಳಕೆ. ನಡು ಮುರಿದೀತು, ಒಳಗೆ ಬನ್ನಿ ಎಂದು ಸೊಸೆ ಕರೆದರೂ ಬಗ್ಗಿ ಬಗ್ಗಿ ಹುಡುಕುತ್ತಿದ್ದಳು. ಸೊಸೆ ಸ್ವಲ್ಪ ಮೈ ಮುರಿದರೂ ಅವಳ ಜೀವ ಬಾಯಿಗೆ ಬರುತ್ತಿತ್ತು.

ದಿನ ತುಂಬಿ ಗುಂಡುಗುಂಡಾದ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದ ತಂದ ದಿನ ವೈಜಯಂತಮ್ಮ ಮಗುವಿನ ಮುಖವನ್ನು ಕಣ್ತುಂಬ ನೋಡಿ, ತೊಟ್ಟಿಲಲ್ಲಿ ಮಲಗಿಸಿ, ಹಿತ್ತಲಿಗೆ ಹೋದಳು. ತುಳಸಿಯ ಬುಡದಲ್ಲಿ ಇನ್ನೂ ಒಂದು ಮೊಳಕೆ ಎದ್ದಿತ್ತು.

ನೀತಿ: ಕೀಳಬೇಕಾದ್ದನ್ನು ಹೂವಾಗಿದ್ದಾಗಲೇ ಕೀಳಬೇಕು. ಇಂದು ಮನಸ್ಸು ಬಾರದೆ ಬಿಟ್ಟದ್ದು ನಾಳೆ ಮಣ್ಣಿಗಿಳಿಯುತ್ತದೆ. ಅದರ ಭಯವನ್ನು ಮನೆಮಂದಿಯೆಲ್ಲ ಉಣ್ಣಬೇಕಾಗುತ್ತದೆ.