ಅರವತ್ತು ಎಣಿಸಿದವನು

“ಗುರುಗಳೇ, ಕರುಣೆ ದೊಡ್ಡದೋ, ಈ ತಗಡಿನ ತುಂಡು ದೊಡ್ಡದೋ?”

ಕೇಳಿದವನು ಶಿಷ್ಯ ಅಡಿವೆಯ್ಯ. ದನಿಯಲ್ಲಿ ಸಿಟ್ಟಿತ್ತು. ಮಠದ ದಾಸೋಹದ ಅಂಗಳಕ್ಕೆ ಚಪ್ಪರ ಏಳುತ್ತಿತ್ತು. ಕಬ್ಬಿಣದ ಪೈಪುಗಳನ್ನು ಕೊಯ್ಯುವ ಕೆಲಸ ಅವನದು. ಕೈ ಗ್ರೈಂಡರಿಗೆ ಒಂದು ಗಾರ್ಡ್ ಇರುತ್ತದೆ. ತಿರುಗುವ ಚಕ್ರಕ್ಕೂ ಕೊಯ್ಯುವವನಿಗೂ ನಡುವೆ ಅಡ್ಡ ನಿಲ್ಲುವ ಅರ್ಧಚಂದ್ರಾಕಾರದ ತಗಡು ಅದು. ಅದಿದ್ದರೆ ಮೂಲೆಗೆ ಮಷೀನು ಹೋಗುವುದಿಲ್ಲವೆಂದು ಅಡಿವೆಯ್ಯ ಬೆಳಗ್ಗೆಯೇ ಅದನ್ನು ಬಿಚ್ಚಿ ಬದಿಗಿಟ್ಟಿದ್ದ. ಗುರು ಅದನ್ನು ಕಂಡರು. ಮೊದಲು ಅದನ್ನು ಹಾಕು ಎಂದು ಗೋಡೆಯಿಂದ ಪ್ಲಗ್ ಕಿತ್ತು, ವಯರನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡು ಕುಳಿತುಬಿಟ್ಟರು.

“ಮುನ್ನೂರು ಜನ ಬಿಸಿಲಲ್ಲಿ ಕುಳಿತು ಉಣ್ಣುತ್ತಿದ್ದಾರೆ. ಮುದುಕರಿದ್ದಾರೆ, ಬಸುರಿಯರಿದ್ದಾರೆ. ನಾನು ಬೇಗ ಮುಗಿಸಿದರೆ ಅವರಿಗೆ ನೆರಳಾಗುತ್ತದೆ. ಕರುಣೆ ಕಲಿಸಿದವರು ನೀವೇ. ಈಗ ಅವರು ಕಾದರೆ ಕಾಯಲಿ, ಮೊದಲು ತಗಡು ಹಾಕು ಎನ್ನುತ್ತೀರಿ.”

“ನಿನ್ನ ಕರುಣೆ ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುತ್ತದೆಯೇನು?” ಎಂದರು ಗುರು. “ಈ ಚಕ್ರ ತಿರುಗುತ್ತದೆ. ಕೈ ಒರೆಸಿಕೊಂಡು ಕುಳಿತುಕೋ. ಒಬ್ಬನ ಕತೆ ಹೇಳುತ್ತೇನೆ.”

ಅಡಿವೆಯ್ಯ ಕುಳಿತ. ಗುರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವೆಲ್ಡರ್ ಇದ್ದ. ಗೇಟು, ಕಿಟಕಿಯ ಸರಳು, ಬೇಲಿಯ ಕಂಬಿ, ಇವೇ ಅವನ ಕಸುಬು. ಕೆಲಸ ಅಚ್ಚುಕಟ್ಟು. ಆದರೆ ಅವನಷ್ಟು ನಿಧಾನದ ಮನುಷ್ಯ ಆ ಬೀದಿಯಲ್ಲಿ ಇರಲಿಲ್ಲ. ಗ್ರೈಂಡರಿಗೆ ಹೊಸ ಚಕ್ರ ಹಾಕುವಾಗಲಂತೂ ಅವನನ್ನು ನೋಡಿದವರಿಗೆ ತಲೆ ಕೆಡುತ್ತಿತ್ತು. ಮೊದಲು ಪ್ಲಗ್ ಕಿತ್ತು, ಅದನ್ನು ಕಣ್ಣಿಗೆ ಕಾಣುವಂತೆ ಎದುರಿಗಿಟ್ಟುಕೊಳ್ಳುವನು. ಚಕ್ರವನ್ನು ಬೆಳಕಿಗೆ ಹಿಡಿದು, ಬಿರುಕಿದೆಯೇ ಎಂದು ಅಂಚನ್ನೆಲ್ಲ ಬೆರಳಿಂದ ಸವರುವನು. ಅದರ ನಡುವಿನ ಬಳೆಯ ಮೇಲೆ ಒತ್ತಿದ, ಅವಧಿ ಮುಗಿಯುವ ತಾರೀಖನ್ನು ಓದುವನು. ಚಕ್ರ ಕೂರಿಸಿ, ಬಿಗಿದು, ಗಾರ್ಡನ್ನು ಸರಿಮಾಡಿ, ಮಷೀನನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ ಸ್ವಿಚ್ ಒತ್ತುವನು. ಕೊಯ್ಯುವುದಿಲ್ಲ. ಖಾಲಿ ತಿರುಗಲು ಬಿಟ್ಟು ಬಾಯಲ್ಲಿ ಎಣಿಸುವನು. ಒಂದು, ಎರಡು, ಮೂರು. ಅರವತ್ತಕ್ಕೆ ಬಂದ ಮೇಲೆಯೇ ಕಬ್ಬಿಣಕ್ಕೆ ಮುಟ್ಟಿಸುವನು.

“ಒಳಗೆ ಬಿರುಕಿರುವ ಚಕ್ರ ಒಡೆಯುವುದಿದ್ದರೆ ಆ ಅರವತ್ತರೊಳಗೇ ಒಡೆಯಲಿ” ಎಂಬುದು ಅವನ ಲೆಕ್ಕ. ಅಕ್ಕಪಕ್ಕದ ಅಂಗಡಿಯವರು ನಗುತ್ತಿದ್ದರು. ಇವನ ಮಷೀನಿಗೆ ದಿನಾ ಮಂತ್ರಪುಷ್ಪ ಆಗಬೇಕು ಎನ್ನುತ್ತಿದ್ದರು. ಇಪ್ಪತ್ತೈದು ವರ್ಷದಲ್ಲಿ ಎಷ್ಟು ಚಕ್ರ ಒಡೆದಿವೆಯೋ ಎಂದು ಕೇಳಿದರೆ, ಒಂದೂ ಇಲ್ಲ ಎನ್ನುತ್ತಿದ್ದ. ಅವರಿಗೆ ಇನ್ನಷ್ಟು ನಗು. ನಿನಗೂ ಈಗ ಬರುತ್ತಿದೆ. ಬರಲಿ.

ಆ ಊರಿಗೆ ಹೊಸದಾಗಿ ಬಂದ ಒಬ್ಬ ವ್ಯಾಪಾರಿ ಮಹಡಿ ಮನೆ ಕಟ್ಟಿಸಿದ. ಸುತ್ತ ಕಬ್ಬಿಣದ ಬೇಲಿ ಬೇಕೆಂದ. ಕಳ್ಳರು ಹತ್ತದಂತೆ ಕಂಬಿಗಳ ತುದಿ ಈಟಿಯ ಹಾಗೆ ಚೂಪಾಗಿರಲಿ ಎಂದ. ವೆಲ್ಡರ್ ಹಾಗೆಯೇ ಮಾಡಿಕೊಟ್ಟ. ಒಂದೊಂದು ಮೊನೆಯನ್ನೂ ತಾನೇ ಕುಳಿತು ಉಜ್ಜಿದ್ದ.

ಆಮೇಲೆ ಒಬ್ಬ ಪೇಂಟರ್ ಬಂದ. ಇಪ್ಪತ್ತೆರಡರ ಹರೆಯ. ಮಹಡಿಯ ಕಿಟಕಿಯ ಸರಳುಗಳಿಗೆ ಬಣ್ಣ ಬಳಿಯುವುದಕ್ಕೆ ಹಲಗೆ ಕಟ್ಟಿಕೊಂಡು ನಿಂತಿದ್ದ. ಮಧ್ಯಾಹ್ನದ ಹೊತ್ತಿಗೆ ಹಲಗೆಯ ಹಗ್ಗ ಸಡಿಲಿತು. ಅವನು ನೇರವಾಗಿ ಬೇಲಿಯ ಮೇಲೆ ಬಿದ್ದ. ಒಂದು ಕಂಬಿ ತೊಡೆಯ ಕೆಳಗಿನಿಂದ ನುಗ್ಗಿ ಮೇಲೆ ಬಂತು.

ದಾರಿಯಲ್ಲಿದ್ದ ನಾಲ್ವರು ಓಡಿಬಂದು ಅವನ ಬೆನ್ನು, ಹೆಗಲು, ಕಾಲುಗಳಿಗೆ ಕೈಕೊಟ್ಟು ಎತ್ತಿಹಿಡಿದರು. ಮೇಲಕ್ಕೆಳೆದು ತೆಗೆಯಲು ಹೊರಟಿದ್ದರು. ಅಷ್ಟರಲ್ಲಿ ಪಕ್ಕದ ಓಣಿಯ ಒಬ್ಬ ನರ್ಸಮ್ಮ ಬಂದು ಅಡ್ಡ ನಿಂತಳು. “ಕಂಬಿ ಎಳೀಬ್ಯಾಡ್ರಿ. ಎಳದ್ರ ರಕ್ತ ನಿಲ್ಲಂಗಿಲ್ಲ. ಕಂಬಿ ಒಳಗ ಇರ್ಲಿ, ಕೆಳಗ ಕೊಯ್ಸಿ ಹಂಗ ದವಾಖಾನಿಗೆ ಒಯ್ಯೂಣು” ಎಂದಳು. ತನ್ನ ದುಪಟ್ಟಾದಿಂದ ತೊಡೆಯನ್ನು ಬಿಗಿದು ಕಟ್ಟಿದಳು. ಕಟ್ಟಿದರೂ ರಕ್ತ ಕಂಬಿಯ ಗುಂಟ ಇಳಿಯುತ್ತಿತ್ತು. ಅರ್ಧ ಗಂಟೆಯೊಳಗೆ ಆಸ್ಪತ್ರೆ ಸೇರದಿದ್ದರೆ ಹುಡುಗ ಉಳಿಯುವುದಿಲ್ಲ ಎಂದು ಅವಳು ಮೆಲ್ಲಗೆ ಹೇಳಿದ್ದು ಎಲ್ಲರ ಕಿವಿಗೂ ಬಿತ್ತು.

ಯಾರೋ ವೆಲ್ಡರನ ಶೆಡ್ಡಿಗೆ ಓಡಿ ಸುದ್ದಿ ಮುಟ್ಟಿಸಿದರು. ಅವನು ಗ್ರೈಂಡರು, ವಯರಿನ ಸುರುಳಿ, ಸಾಮಾನಿನ ಚೀಲ ಎತ್ತಿಕೊಂಡು ಬಂದ. ಓಡುತ್ತ ಬಂದ. ಓಡಬೇಕಾದ ಕಡೆ ಅವನು ಓಡಿದ, ಅಡಿವೆಯ್ಯ, ಇದನ್ನು ನೆನಪಿಡು. ಒಂದು ಚಪ್ಪಲಿ ದಾರಿಯಲ್ಲೇ ಬಿದ್ದುಹೋಗಿತ್ತು.

ಬಂದವನು ಹುಡುಗನ ಮುಖ ನೋಡಿದ. ಮಷೀನನ್ನು ನೆಲಕ್ಕಿಟ್ಟ. ಅವನ ಎರಡೂ ಕೈ ನಡುಗುತ್ತಿದ್ದವು. ಅಂಗೈಗಳನ್ನು ಬೇಲಿಗೆ ತಾಗಿದ ಪಕ್ಕದ ಮನೆಯ ಗೋಡೆಗೆ ಒತ್ತಿ ನಿಂತ. ನಡುಕ ನಿಲ್ಲುವವರೆಗೂ ಹಾಗೆಯೇ ನಿಂತ. ಅದಕ್ಕೆ ಎಷ್ಟು ಹೊತ್ತು ಹಿಡಿಯಿತೋ, ನೋಡುತ್ತಿದ್ದವರಿಗೆ ಅದೊಂದು ಯುಗವಾಗಿತ್ತು.

ಗೋಡೆಯ ಬಳಿ ನಿಂತಾಗಲೇ ಅವನ ಮೂಗಿಗೆ ವಾಸನೆ ಬಡಿಯಿತು. ಥಿನ್ನರ್. ಹುಡುಗ ಬೀಳುವಾಗ ಬಣ್ಣಕ್ಕೆ ಬೆರೆಸುವ ಥಿನ್ನರಿನ ಡಬ್ಬವೂ ಬಿದ್ದು ಚೆಲ್ಲಿತ್ತು. ಅರ್ಧ ಅವನ ಅಂಗಿಯ ಮೇಲೆ, ಅರ್ಧ ಬೇಲಿಯ ಬುಡದ ಮಣ್ಣಿಗೆ. ಅಷ್ಟು ಜನರಲ್ಲಿ ಒಬ್ಬರ ಗಮನಕ್ಕೂ ಅದು ಬಂದಿರಲಿಲ್ಲ. ಗ್ರೈಂಡರು ಕಬ್ಬಿಣಕ್ಕೆ ತಾಗಿದ ಮೊದಲ ಕ್ಷಣಕ್ಕೇ ಕಿಡಿ ಹಾರುತ್ತದೆ. ಹಾರಿದ್ದರೆ ಹುಡುಗನೂ, ಹಿಡಿದುಕೊಂಡ ನಾಲ್ವರೂ, ನರ್ಸಮ್ಮನೂ ಅಲ್ಲೇ ಬೇಯುತ್ತಿದ್ದರು.

ಅವನು ಡಬ್ಬವನ್ನು ದೂರ ಒಯ್ಯಿಸಿದ. ಹುಡುಗನ ಅಂಗಿಯನ್ನೂ ಪ್ಯಾಂಟನ್ನೂ ಕತ್ತರಿಯಿಂದ ಕೊಯ್ಯಿಸಿ ತೆಗೆಸಿ, ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿಸಿದ. ನೆಲಕ್ಕೆ ನೀರು ಹಾಕಲು ಬಂದವನನ್ನು ತಡೆದ. ಕರೆಂಟಿನ ಮಷೀನು ಹಿಡಿದು ಒದ್ದೆ ನೆಲದ ಮೇಲೆ ನಿಲ್ಲಬಾರದು. ಮನೆ ಕಟ್ಟಿ ಉಳಿದ ಮರಳಿತ್ತು, ಅದನ್ನು ಬುಟ್ಟಿಬುಟ್ಟಿ ತಂದು ಮಣ್ಣಿನ ಮೇಲೆ ದಪ್ಪಗೆ ಸುರಿಸಿದ. ಗೋಣಿಚೀಲ ನೆನೆಸಿ, ಹಿಂಡಿ, ಹುಡುಗನ ತೊಡೆಗೂ ತಾನು ಕೊಯ್ಯುವ ಜಾಗಕ್ಕೂ ನಡುವೆ ಕಟ್ಟಿದ.

ಆಗ ಇನ್ನೊಂದು ತೊಡಕು ಕಂಡಿತು. ತೊಡೆಗೂ ಬೇಲಿಯ ಅಡ್ಡಪಟ್ಟಿಗೂ ನಡುವೆ ಇದ್ದ ಜಾಗ ಒಂದು ಮುಷ್ಟಿಯಷ್ಟು. ಅಡ್ಡಪಟ್ಟಿ ಹೊರಮೈಗೆ ಬೆಸೆದದ್ದು. ಹೊರಗಿನಿಂದ ಮಷೀನು ಹಿಡಿದರೆ ಗಾರ್ಡ್ ಅದಕ್ಕೆ ತಾಗುತ್ತದೆ. ಗಾರ್ಡ್ ತೆಗೆದರೆ ಸಲೀಸಾಗಿ ಹೋಗುತ್ತದೆ. ಇಲ್ಲವೇ ಗೇಟು ಸುತ್ತಿ ಒಳಗಿನಿಂದ ಬರಬೇಕು. ಬೀದಿಯಾಚೆಯ ಅಂಗಡಿಯಿಂದ ಎಳೆದ ವಯರು ಅಷ್ಟುದ್ದ ಇರಲಿಲ್ಲ.

ಇದು ವ್ಯಾಪಾರಿಗೂ ತಿಳಿಯಿತು. ಅವನ ಸಹನೆಯ ಕಟ್ಟೆಯೊಡೆಯಿತು. “ಏನ್ ನೋಡಾಕತ್ತೀಯೋ? ಆ ತಗಡು ಕಿತ್ತ ಒಗಿ, ಹಚ್ಚು ಮಷೀನ್. ಹುಡುಗನ ಜೀವ ಹೊಂಟೈತಿ.”

“ಚಕ್ರ ಒಡದ್ರ ಮೊದಲ ಅವನ ಹೊಟ್ಟಿಗೇ ಬಡೀತೈತ್ರಿ” ಎಂದ ವೆಲ್ಡರ್. “ನಿಮ್ಮ ಮನ್ಯಾಗಿಂದ ಕರೆಂಟ್ ಕೊಡ್ರಿ. ನಾ ಒಳಗಿಂದ ಬರ್ತೀನಿ.”

ವಯರು ಎಳೆದರು. ಅವನು ಗೇಟು ಸುತ್ತಿ ಒಳಗೆ ಬಂದ. ಮಂಡಿಯೂರಿ ಮಷೀನು ನೋಡಿದ. ಬೆಳಗ್ಗೆ ಕೆಲಸ ಮಾಡಿದ್ದ ಚಕ್ರದ ಅಂಚಿನಲ್ಲಿ ಉಗುರಿನಷ್ಟು ಚೂರು ಹಾರಿಹೋಗಿತ್ತು. ಅದು ಹಾಗೆಯೇ ಕೆಲಸಕ್ಕೆ ಬರುತ್ತಿತ್ತೋ, ಸಿಡಿಯುತ್ತಿತ್ತೋ, ಯಾರೂ ಹೇಳಲಾರರು. ಪ್ಲಗ್ ಕೀಳಿಸಿ, ಆ ಚಕ್ರವನ್ನು ಬಿಚ್ಚಿ, ಚೀಲದಿಂದ ಹೊಸದನ್ನು ತೆಗೆದ. ಬೆಳಕಿಗೆ ಹಿಡಿದ. ಅಂಚು ಸವರಿದ. ತಾರೀಖು ಓದಿದ.

ಜನ ಬಯ್ಯತೊಡಗಿದರು. ನಾನೂ ನೀನೂ ಅಲ್ಲಿದ್ದಿದ್ದರೆ ಬಯ್ಯುತ್ತಿದ್ದೆವು. ಹುಡುಗನ ತುಟಿ ಬಿಳುಚಿಕೊಂಡಿತ್ತು. ಮೊದಲು ಕೂಗುತ್ತಿದ್ದವನು ಈಗ ಕೂಗುವುದನ್ನು ಬಿಟ್ಟಿದ್ದ. ಹಿಡಿದುಕೊಂಡವರ ತೋಳುಗಳು ಸೋಲುತ್ತಿದ್ದವು.

ವೆಲ್ಡರ್ ಕಂಬಿ ಅದುರದಂತೆ ಅದನ್ನು ತೊಡೆಯ ಕೆಳಗೆ ಇಕ್ಕಳದಿಂದ ಬಿಗಿದು ಹಿಡಿಯಲು ಒಬ್ಬನನ್ನು ಕೂರಿಸಿದ. ಹೊತ್ತ ನಾಲ್ವರಿಗೆ, ಹುಡುಗನ ಭಾರ ಎಳ್ಳಷ್ಟೂ ಕಂಬಿಯ ಮೇಲೆ ಬೀಳಕೂಡದು ಎಂದ. ಭಾರ ಬಿದ್ದರೆ ಕೊಯ್ದ ಸೀಳು ಮುಚ್ಚಿಕೊಂಡು ಚಕ್ರವನ್ನು ಕಚ್ಚುತ್ತದೆ. ಕಚ್ಚಿದರೆ ಮಷೀನು ಒದೆಯುತ್ತದೆ. ಒದ್ದ ಮಷೀನು ಎಲ್ಲಿಗೆ ಹೋಗುತ್ತದೆಂದು ಹಿಡಿದವನಿಗೂ ಗೊತ್ತಿರುವುದಿಲ್ಲ. ಚಕ್ರದ ನೇರಕ್ಕೆ ನಿಂತಿದ್ದವರನ್ನೆಲ್ಲ ಬದಿಗೆ ಸರಿಸಿದ. ಕೊರಳಿನ ಟವೆಲ್ ಕಿತ್ತೆಸೆದ. ಕನ್ನಡಕ ಹಾಕಿಕೊಂಡ. ಈಗಲಾದರೂ ಕೊಯ್ಯುತ್ತಾನೆ ಎಂದು ಎಲ್ಲರೂ ಉಸಿರು ಬಿಗಿಹಿಡಿದರು.

ಅವನು ಮಷೀನನ್ನು ಮರಳಿನ ಗುಡ್ಡೆಯ ಕಡೆಗೆ ತಿರುಗಿಸಿ ಸ್ವಿಚ್ ಒತ್ತಿದ. ಎಣಿಸತೊಡಗಿದ.

ಒಂದು. ಎರಡು. ಮೂರು.

ಏನು ನಡೆಯುತ್ತಿದೆಯೆಂದು ತಿಳಿಯಲು ಜನರಿಗೆ ಹತ್ತರವರೆಗೆ ಹಿಡಿಯಿತು. ತಿಳಿದ ಮೇಲೆ ಒಬ್ಬ ಕಲ್ಲು ಎತ್ತಿಕೊಂಡ. ವ್ಯಾಪಾರಿ ಮುಂದೆ ನುಗ್ಗಿದ, ನರ್ಸಮ್ಮ ಅವನ ಅಂಗಿ ಹಿಡಿದೆಳೆದಳು. ತಿರುಗುವ ಚಕ್ರ ಹಿಡಿದವನನ್ನು ಮುಟ್ಟಬಾರದೆಂಬ ಬುದ್ಧಿ ಅವಳೊಬ್ಬಳಿಗಿತ್ತು.

ಇಪ್ಪತ್ತೈದಕ್ಕೆ ಬಂದಾಗ ಹುಡುಗನ ತಾಯಿ ಓಡಿಬಂದಳು. ಕಂಬಿಯ ಮೇಲಿನ ಮಗನನ್ನು ಕಂಡಳು. ಖಾಲಿ ಮಷೀನು ತಿರುಗಿಸುತ್ತ ಮರಳಿನ ಮುಂದೆ ಕುಳಿತವನನ್ನು ಕಂಡಳು. ಅವಳನ್ನು ಇಬ್ಬರು ಹೆಂಗಸರು ತಬ್ಬಿ ಹಿಡಿದರು. ಅವಳು ಅಲ್ಲಿಂದಲೇ ಚೀರಿದಳು. “ನಿಮ್ಮ ಎದ್ಯಾಗ ಜೀವ ಇಲ್ಲೇನ್ರಿ? ಕಲ್ಲ ಅದೀರೇನ್ರಿ ನೀವು?”

ಅವನು ಮುಖ ತಿರುಗಿಸಲಿಲ್ಲ. ಅವನ ತುಟಿ ಮಾತ್ರ ಆಡುತ್ತಿತ್ತು. ಮೂವತ್ತೊಂಬತ್ತು. ನಲವತ್ತು. ನಲವತ್ತೊಂದು. ಕನ್ನಡಕದ ಕೆಳಗಿನಿಂದ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಬೆವರು ಎಂದುಕೊಂಡರು.

ಐವತ್ತೆಂಟು. ಐವತ್ತೊಂಬತ್ತು. ಅರವತ್ತು.

ಚಕ್ರ ಒಡೆಯಲಿಲ್ಲ. ಅವನು ಹತ್ತಿರ ಬಂದು, ಎರಡೂ ಕೈಯಿಂದ ಮಷೀನನ್ನು ಬಿಗಿಹಿಡಿದು, “ಅಲ್ಲಾಡಬ್ಯಾಡಪ್ಪ” ಎಂದ. ಚಕ್ರವನ್ನು ಕಂಬಿಗೆ ಮುಟ್ಟಿಸಿದ. ಒತ್ತಲಿಲ್ಲ, ಅದರಷ್ಟಕ್ಕೆ ಕೊಯ್ಯಲು ಬಿಟ್ಟ. ಕಿಡಿಗಳೆಲ್ಲ ಮರಳಿನ ಮೇಲೆ ಬಿದ್ದು ಆರಿದವು. ಕಂಬಿ ತುಂಡಾಗಲು ಹಿಡಿದದ್ದು ಹದಿನೈದು ಎಣಿಕೆ, ಹೆಚ್ಚಿಲ್ಲ.

ಹುಡುಗನನ್ನು ಕಂಬಿಯ ಸಮೇತ ಗಾಡಿಗೆ ಹಾಕಿದರು. ನರ್ಸಮ್ಮ ಹತ್ತಿದಳು, ತಾಯಿ ಹತ್ತಿದಳು, ಊರೇ ಹಿಂದೆ ಓಡಿತು. ಸ್ವಿಚ್ ಬಿಟ್ಟ ಮೇಲೂ ಆ ಚಕ್ರ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ತಿರುಗುವ ಮಷೀನನ್ನು ನೆಲಕ್ಕೆ ಎಸೆದು ಹೋಗಬಾರದು. ಅವನು ಅದನ್ನು ಕೈಯಲ್ಲಿ ಹಿಡಿದು, ಗಾಡಿ ಹೋದ ದಿಕ್ಕನ್ನು ನೋಡುತ್ತ, ಚಕ್ರ ಪೂರ್ತಿ ನಿಲ್ಲುವವರೆಗೂ ಅಲ್ಲೇ ನಿಂತಿದ್ದ. ಆಮೇಲೆ ಪ್ಲಗ್ ಕಿತ್ತು, ಮಷೀನು ಕೆಳಗಿಟ್ಟು, ಒಂದೇ ಚಪ್ಪಲಿಯಲ್ಲಿ ಆಸ್ಪತ್ರೆಯ ಕಡೆಗೆ ಓಡಿದ.

ಹುಡುಗ ಉಳಿದ.

ಗುರು ಕತೆ ನಿಲ್ಲಿಸಿದರು. ಅಡಿವೆಯ್ಯ ತನ್ನ ಬೆರಳುಗಳನ್ನು ನೋಡುತ್ತ ಕುಳಿತಿದ್ದ. ಕತೆ ಅವನಿಗೆ ತಟ್ಟಿತ್ತು. ಆದರೆ ಅವನು ಅಷ್ಟು ಸುಲಭಕ್ಕೆ ಸೋಲುವವನಲ್ಲ.

“ಥಿನ್ನರಿನ ವಿಷಯ ಒಪ್ಪಿದೆ ಗುರುಗಳೇ. ಗಾರ್ಡನ್ನೂ ಒಪ್ಪಿದೆ” ಎಂದ. “ಆದರೆ ಆ ಅರವತ್ತನ್ನು ನನ್ನಿಂದ ಒಪ್ಪಲಾಗುವುದಿಲ್ಲ. ಚಕ್ರ ಒಡೆಯಲಿಲ್ಲ. ಅಷ್ಟು ಹೊತ್ತು ಒಬ್ಬ ತಾಯಿಯನ್ನು ಕೂಗಿಸಿದ. ಅವನಿಗೆ ನಿಯಮ ಗೊತ್ತಿತ್ತು, ಕರುಳು ಗೊತ್ತಿರಲಿಲ್ಲ. ಯಾರದೋ ಮಗನ ಮುಂದೆ ಅರವತ್ತು ಎಣಿಸುವುದು ಸುಲಭ. ಆ ಕಂಬಿಯ ಮೇಲೆ ಅವನ ಸ್ವಂತ ಮಗನಿದ್ದಿದ್ದರೆ ಎಣಿಸುತ್ತಿದ್ದನೇ?”

ಗುರು ಮಡಿಲಿನ ವಯರನ್ನು ಎತ್ತಿ ಅವನ ಕೈಗೆ ಕೊಟ್ಟರು.

“ಕಂಬಿಯ ಮೇಲಿದ್ದವನು ಅವನ ಮಗನೇ.”