ಹುಲಿ ಕಟ್ಟಿದ ಕಲ್ಲು

ಕರಿಸಿದ್ದ ಹುಲಿ ಹಿಡಿದು ಆಟಕ್ಕೆ ಕೂತರೆ ಆಚೆ ದಡದಲ್ಲಿ ಮೇಯುವ ನಿಜವಾದ ಕುರಿಗಳೂ ಮೇವು ಬಿಟ್ಟು ತಲೆಯೆತ್ತುತ್ತಿದ್ದವು. ಸುಳ್ಳು ಅನ್ನುವವರು ಆ ಕುರಿಗಳನ್ನೇ ಕೇಳಲಿ.

ಆಟ ಅಂದರೆ ಹುಲಿ-ಕುರಿ ಆಟ. ಹೊಳೆದಂಡೆಯ ಆಶ್ರಮದ ಮುಂದೆ ಒಂದು ಹಾಸುಗಲ್ಲು, ಅದರ ಮೇಲೆ ಯಾವ ಕಾಲದ ಯಾವ ಮುತ್ತಜ್ಜ ಕೊರೆದನೋ, ಆಟದ ಗೆರೆಗಳು. ಮೂರು ಕಲ್ಲು ಹುಲಿ, ಹದಿನೈದು ಹುಣಸೆ ಬೀಜ ಕುರಿ. ಹುಲಿ ಮೇಲಿಂದ ಹಾರಿದರೆ ಕುರಿ ಸತ್ತಿತು. ಕುರಿಗಳು ಸುತ್ತುಗಟ್ಟಿ, ಹೆಜ್ಜೆ ಇಡಲು ಜಾಗವಿಲ್ಲದಂತೆ ಮಾಡಿದರೆ ಹುಲಿ ಕಟ್ಟಿತು. ಅಷ್ಟೇ.

ಕುರಿಯವರು ಕೂರುವ ಕಡೆ ಬಂಡೆ ಸವೆದು ತೊಟ್ಟಿಲಿನ ಹಾಗೆ ತಗ್ಗಾಗಿತ್ತು. ಗುರು ಅಡವಯ್ಯನವರು ಯಾವಾಗಲೂ ಅಲ್ಲೇ ಕೂರುತ್ತಿದ್ದರು. ಏಳು ವರ್ಷದಿಂದ ದಿನಕ್ಕೊಂದು ಆಟ ಸೋಲುತ್ತಿದ್ದರು.

ಗೆಲ್ಲುತ್ತಿದ್ದವನು ಶಿಷ್ಯ ಕರಿಸಿದ್ದ.

ಅವನು ಶಿಷ್ಯನಾಗಲು ಬಂದವನೇ ಅಲ್ಲ. ಹೊಳೆ ದಾಟಲು ಬಂದವನು. ಆಚೆ ಊರಿನ ದಾಯಾದಿ ದುರ್ಗಪ್ಪ, ಕರಿಸಿದ್ದನ ಅಪ್ಪನಿಗೆ ನಾಲ್ಕು ಜನರ ಮುಂದೆ ಚಪ್ಪಲಿಯಲ್ಲಿ ಹೊಡೆದಿದ್ದ. ಕರಿಸಿದ್ದನ ಬಗಲಲ್ಲಿ ಮಚ್ಚಿತ್ತು. ಹರಿಗೋಲು ಆಚೆ ದಡದಲ್ಲಿತ್ತು.

"ಹರಿಗೋಲು ಬರೋ ತನಕ ಒಂದು ಆಟ ಆಡೋಣ ಬಾರೋ" ಎಂದಿದ್ದರು ಗುರುಗಳು.

ಆಡಿದ. ಗೆದ್ದ.

"ನಾಳೆ ನಿನ್ನ ಸೋಲಿಸ್ದೆ ಬಿಡಲ್ಲ, ಇರು" ಎಂದರು.

ಆ ನಾಳೆಯೇ ಏಳು ವರ್ಷವಾಗಿತ್ತು. ಮಚ್ಚು ಆಶ್ರಮದ ಸೂರಿನಲ್ಲೇ ಸಿಕ್ಕಿಕೊಂಡಿತ್ತು.

ಒಂದು ಬೆಳಗ್ಗೆ ಕರಿಸಿದ್ದ ಅದನ್ನು ಎಳೆದು ತೆಗೆದ.

"ಅಜ್ಜಾರೇ, ಏಳು ಹಳ್ಳೀಲಿ ನನ್ನ ಹುಲಿ ಕಟ್ಟೋ ಗಂಡಸು ಉಳಿದಿಲ್ಲ. ಇಲ್ಲಿನ್ನು ನಂಗೇನು ಕೆಲಸ? ಹೊರಟೆ."

"ದುರ್ಗಪ್ಪನ್ನ ಮರೆತಿಲ್ಲ?"

"ಹುಲಿ ಬೇಟೆ ಮರೀತದಾ?"

"ಹೋಗು. ಆದ್ರೆ ಈ ಕಲ್ಲಿಗೊಂದು ಪದ್ಧತಿ ಐತೆ. ಬಿಟ್ಟು ಹೋಗೋನು, ಹರಿಗೋಲಿಂದ ಮೊದಲು ಇಳಿಯೋನ ಜೊತೆ ಒಂದಾಟ ಆಡಬೇಕು. ಗೆದ್ದರೆ ನಿನ್ನ ದಾರಿ ನಿಂದು. ಸೋತರೆ ನಾನು ಹೇಳ್ದಂಗೆ ಕೇಳಬೇಕು."

ಕರಿಸಿದ್ದ ನಕ್ಕ. "ಕಳಿಸ್ರಿ, ಯಾರಾದ್ರೂ ಬರಲಿ. ಎಡಗೈಲಿ ಆಡ್ತೀನಿ."

ಹರಿಗೋಲು ಬಂತು. ಮೊದಲು ಇಳಿದವನು ಕಂಬಳಿ ಹೊದ್ದ ಒಬ್ಬ ಮುದುಕ. ಚಪ್ಪಟೆ ಮೂಗು, ಸಣ್ಣ ಕಣ್ಣು, ಸುಟ್ಟ ಗೆಣಸಿನಂಥ ಮುಖ. ಮಂಜಿನ ಬೆಟ್ಟದಿಂದ ರಾಮೇಶ್ವರಕ್ಕೆ ನಡೆದು ಹೊರಟವನು. ನಡೆದೂ ನಡೆದೂ ಅವನ ಕಾಲು ಮೊಳದುದ್ದ ಸವೆದಿದ್ದವಂತೆ.

"ಈ ಯಪ್ಪಂಗೆ ಕನ್ನಡ ಒಂದಕ್ಷರ ಬರಲ್ಲ" ಎಂದ ಅಂಬಿಗ ಯಂಕೋಬ. "ದಾರೀಲಿ ನೀರು ಕೇಳಿದ್ರೆ ಹುಟ್ಟು ಕೊಟ್ಟೆ."

ಮುದುಕ ಹಾಸುಗಲ್ಲು ಕಂಡ. ಕಂಡವನೇ ತವರಿನವರು ಸಿಕ್ಕಂತೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ನಾಲ್ಕು ಬೆರಳೆತ್ತಿ ಗುರ್ ಅಂದ. ಎರಡು ಕೈಯ ಬೆರಳನ್ನೂ ಎರಡು ಸಲ ಬಿಡಿಸಿ ಬ್ಯಾ ಅಂದ.

"ಅವರ ಕಡೆ ನಾಲ್ಕು ಹುಲಿಯಂತೆ, ಇಪ್ಪತ್ತು ಕುರಿಯಂತೆ" ಎಂದರು ಗುರುಗಳು. "ನೋಡಿದ್ಯಾ, ಮಾತು ಬರದಿದ್ರೂ ಆಟ ಬರ್ತದೆ."

ಮುದುಕ ಯಾರೂ ಹೇಳದೆಯೇ ತಗ್ಗಾದ ಬಂಡೆಯ ಮೇಲೆ ಕೂತ.

ಒಂದು ಬೀಜ ಇಟ್ಟ. ಇನ್ನೊಂದು ಇಟ್ಟ. ಕರಿಸಿದ್ದನ ಹುಲಿ ಹಾರಿತು. ಒಂದು ಕುರಿ ಹೋಯಿತು. ಎರಡು ಹೋಯಿತು. ಮೂರು. ನಾಲ್ಕು.

"ಪಾಪ, ಮುದುಕಪ್ಪನ ಹಟ್ಟಿ ಖಾಲಿಯಾಗ್ತದಲ್ಲೋ" ಎಂದ ಯಂಕೋಬ.

ಮುದುಕ ಮುಖ ಬಾಡಿಸಲಿಲ್ಲ. ಬಂದ ನೆಂಟರಿಗೆ ಊಟ ಬಡಿಸುವವನಂತೆ ಒಂದೊಂದೇ ಬೀಜ ಇಡುತ್ತಿದ್ದ. ಪ್ರತಿ ಸಲ ಹಾರಿದಾಗಲೂ ಹುಲಿ ಮೂಲೆಯ ಕಡೆಗೇ ಬೀಳುತ್ತಿತ್ತು. ಕರಿಸಿದ್ದನ ಕಣ್ಣು ಮಾತ್ರ ಸತ್ತ ಕುರಿಯ ಮೇಲಿತ್ತು.

ಐದನೆಯ ಕುರಿಗೆ ಹಾರಲು ಕೈ ಎತ್ತಿದ. ಜಾಗ ಇರಲಿಲ್ಲ. ಇನ್ನೊಂದು ಹುಲಿ ಮುಟ್ಟಿದ. ಅದಕ್ಕೂ ಇಲ್ಲ. ಮೂರನೆಯದಕ್ಕೂ ಇಲ್ಲ.

"ಯಾಕೆ ಸಿದ್ದಣ್ಣ, ಹುಲಿಗೆ ಹೊಟ್ಟೆ ಕೆಟ್ಟಿತಾ?" ಎಂದ ಯಂಕೋಬ.

ಮುದುಕ ಕರಿಸಿದ್ದನ ತಲೆ ಸವರಿ, ಕಲ್ಲಿಗೆ ಕೈಮುಗಿದು, ದಕ್ಷಿಣಕ್ಕೆ ಹೊರಟುಹೋದ.

ಕರಿಸಿದ್ದ ಬೀಜಗಳನ್ನೆಲ್ಲ ಒಟ್ಟುಮಾಡಿದ. ಆಮೇಲೆ ಹುಲಿಗಳನ್ನು ಮತ್ತೆ ಹೂಡಿದ.

"ಅಜ್ಜಾರೇ, ಕೂತ್ಕೊಳ್ರಿ. ಅವನು ಆಡ್ದಂಗೆ ಆಡ್ರಿ."

ಗುರುಗಳು ಕೂತರು. ಹುಣಸೆ ಮರದ ನೆರಳು ಒಂದು ಗೇಣು ಸರಿಯುವುದರೊಳಗೆ ಮೂರು ಹುಲಿಯೂ ಕಟ್ಟಿದವು. ಸತ್ತ ಕುರಿ ಎರಡೇ.

ಕರಿಸಿದ್ದ ಕಟ್ಟಿದ ಹುಲಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

"ನಿಮಗೆ ಬರ್ತಿತ್ತು."

"ಹೂಂ."

"ಏಳು ವರ್ಷ ಬೇಕಂತಲೇ ಸೋತ್ರಾ? ಎರಡೂವರೆ ಸಾವಿರ ಆಟ!"

"ಹರಿಗೋಲು ದಿನಾ ಆಚೆ ಹೋಗ್ತಿತ್ತು" ಎಂದರು ಗುರುಗಳು. "ನೀನೊಂದಿನ ಹತ್ತಿದ್ಯಾ?"

ಕರಿಸಿದ್ದ ಹೊಳೆಯ ಕಡೆ ನೋಡಿದ. ಆಮೇಲೆ ಮಚ್ಚಿನ ಕಡೆ ನೋಡಿದ. ಅದರ ಬಾಯಿ ತುಕ್ಕು ಹಿಡಿದು ಗರಗಸದಂತಾಗಿತ್ತು. ಏಳು ವರ್ಷದಲ್ಲಿ ಒಂದು ದಿನವೂ ಅದನ್ನು ಮಸೆಯುವ ನೆನಪಾಗಿರಲಿಲ್ಲ.

ಅವನು ಎದ್ದ. ಕಲ್ಲನ್ನು ಸುತ್ತಿ ಬಂದು, ಗುರುಗಳ ಪಕ್ಕ, ತಗ್ಗಾದ ಬಂಡೆಯ ಮೇಲೆ ಮೊದಲ ಸಲ ಕೂತ.

"ಸೋತೆ. ಏನು ಮಾಡಬೇಕು ಹೇಳ್ರಿ."

ಗುರುಗಳು ಮೂರು ಕಲ್ಲು, ಹದಿನೈದು ಬೀಜ ಆರಿಸಿ ಅವನ ಟವೆಲಿನ ಸೆರಗಿಗೆ ಗಂಟು ಹಾಕಿದರು. ಮಚ್ಚನ್ನು ಯಂಕೋಬನ ಕೈಗೆ ಕೊಟ್ಟರು.

"ಹರಿಗೋಲು ಹತ್ತು. ದುರ್ಗಪ್ಪನ ಜಗಲಿ ಮೇಲೆ ಗೆರೆ ಎಳಿ. ಹುಲಿ ಅವನಿಗೆ ಕೊಡು."

"ಅವನು ಬೈದು ಅಟ್ಟಿದ್ರೆ?"

"ಒಂದು ಕುರಿ ಹೋಯ್ತು ಅಂದ್ಕೋ. ಮಾರನೇ ದಿನ ಮತ್ತೆ ಹೋಗು."

ಯಂಕೋಬ ಹುಟ್ಟು ಹಾಕಿದ. ಹರಿಗೋಲು ನಡುಹೊಳೆಗೆ ಬಂದಾಗ ಕರಿಸಿದ್ದ ಎದ್ದು ನಿಂತು ಕೂಗಿದ.

"ಅಜ್ಜಾರೇ! ಎಷ್ಟು ಆಟ ಸೋಲಬೇಕು?"

ಗುರುಗಳು ದಡದಿಂದ ಕೂಗಿದರು.

"ಗೆಲ್ಲೋಕೆ ಆತುರ ಬೇಡ ಮಗಾ. ನಂಗೆ ಏಳು ವರ್ಷ ಹಿಡೀತು."